ಹಳೆಯ ಇಂಧನ ದಾಸ್ತಾನು ಜಾಗದ ಶುದ್ಧಿ: ಟ್ಯಾಂಕ್ ಎತ್ತುವುದರಿಂದ ಕೊನೆಯ ಬಾವಿ ಮುಚ್ಚುವವರೆಗೆ

ಟ್ಯಾಂಕ್ ಎತ್ತಿ, ಕಪ್ಪಾದ ಮಣ್ಣು ಬಗೆದು, ಗುಂಡಿಗೆ ಹೊಸ ಮಣ್ಣು ಸುರಿದರೆ ಕೆಲಸ ಮುಗಿಯಿತು ಎಂಬ ಲೆಕ್ಕದಲ್ಲೇ ಬಹುಪಾಲು ಶುದ್ಧೀಕರಣ ಶುರುವಾಗುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಪಕ್ಕದ ಬಾವಿಯಲ್ಲಿ ಪೆಟ್ರೋಲ್ ವಾಸನೆ ಎದ್ದಾಗ ಮತ್ತೆ ಮೊದಲಿನಿಂದ ಅಗೆಯಬೇಕಾಗುತ್ತದೆ. ಎಣ್ಣೆ ಎಲ್ಲಿ ಕೂತಿದೆ, ಅಂತರ್ಜಲ ಏರಿ ಇಳಿಯುವಾಗ ಅದು ಹೇಗೆ ಜಾಗ ಬದಲಿಸುತ್ತದೆ ಎಂದು ತಿಳಿಯದೆ ಯಂತ್ರ ತರಿಸಿದ್ದೇ ಇದಕ್ಕೆ ಕಾರಣ. ಈ ಕೆಲಸದಲ್ಲಿ ಯಾವ ಅಂಕಿಯನ್ನೂ ಅವತ್ತಿನ ನೀರಿನ ಮಟ್ಟವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಓದಬಾರದು.

ಸೋರಿದ ಪೆಟ್ರೋಲ್ ಅಥವಾ ಡೀಸೆಲ್ ಕೆಳಗಿಳಿಯುತ್ತಾ ದಾರಿಯುದ್ದಕ್ಕೂ ಮಣ್ಣಿನ ರಂಧ್ರಗಳಲ್ಲಿ ಸ್ವಲ್ಪ ಸ್ವಲ್ಪ ಅಂಟಿಕೊಳ್ಳುತ್ತದೆ. ಉಳಿದದ್ದು ಅಂತರ್ಜಲ ಮುಟ್ಟಿದಾಗ ನೀರಿಗಿಂತ ಹಗುರವಾದ ಕಾರಣ ಅಲ್ಲೇ ಅಡ್ಡಡ್ಡ ಹರಡುತ್ತದೆ. ಬೇಸಿಗೆಯಲ್ಲಿ ನೀರು ಕೆಳಗೆ ಹೋದರೆ ಎಣ್ಣೆಯೂ ಹಿಂದೆಯೇ ಇಳಿಯುತ್ತದೆ; ಮಳೆಗಾಲದಲ್ಲಿ ನೀರು ಏರಿದಾಗ ಅದರ ಒಂದು ಪಾಲು ನೀರಿನಡಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹೀಗೆ ವರ್ಷ ವರ್ಷ ಮೇಲೆ ಕೆಳಗೆ ಬಳಿದು ಆಗುವ ಪದರವನ್ನು ಇಲ್ಲಿ ಮೆತ್ತಿದ ಪದರ ಎನ್ನೋಣ. ಬೆಂಜೀನ್, ಟಾಲೀನ್, ಈಥೈಲ್‌ಬೆಂಜೀನ್, ಕ್ಸೈಲೀನ್ ಎಂಬ ನಾಲ್ಕು, ಅಂದರೆ ಬಿಟೆಕ್ಸ್, ವರ್ಷಗಟ್ಟಲೆ ನೀರಿಗೆ ಕರಗುತ್ತಾ ಹೋಗುವುದು ಈ ಪದರದಿಂದಲೇ. ಮೇಲಿನ ಒಣ ಮಣ್ಣಿನ ಆವಿ, ಅಂಟಿದ ಎಣ್ಣೆ, ತೇಲುವ ಎಣ್ಣೆ, ಕರಗಿದ ಎಣ್ಣೆ ಎಂಬ ನಾಲ್ಕು ರೂಪಗಳಿಗೂ ಮದ್ದು ಬೇರೆ ಬೇರೆ.

ಮೊದಲು ಕಾಗದ, ಆಮೇಲೆ ಗುದ್ದಲಿ

ಹಳೆಯ ನಕ್ಷೆ, ಟ್ಯಾಂಕುಗಳ ವಯಸ್ಸು, ಪೈಪಿನ ದಾರಿ, ಅಳತೆಕೋಲಿನ ದಿನವಹಿ ಪುಸ್ತಕ, ಇವನ್ನು ಹುಡುಕಿ ತೆಗೆಯಿರಿ. ಸೋರಿಕೆ ಟ್ಯಾಂಕಿನ ಹೊಟ್ಟೆಯಿಂದಲೇ ಆಗಿರಬೇಕೆಂದಿಲ್ಲ. ಪೈಪಿನ ಜಾಯಿಂಟು, ಪಂಪಿನ ಬುಡ, ಲಾರಿಯಿಂದ ತುಂಬುವ ಬಾಯಿ, ಈ ಮೂರೂ ಅಷ್ಟೇ ಅನುಮಾನದ ಜಾಗಗಳು. ಯಾವ ಕಾಲದಲ್ಲಿ ಯಾವ ಇಂಧನ ಇತ್ತು ಎಂಬುದೂ ಬೇಕು: ಸೀಸದ ಪೆಟ್ರೋಲ್ ಕಾಲದ ಟ್ಯಾಂಕಾದರೆ ತಳದ ಗಸಿಯಲ್ಲಿ ಸೀಸ ಇರಬಹುದು, ಆಕ್ಟೇನ್ ಹೆಚ್ಚಿಸಲು ಹಾಕುವ ಎಂಟಿಬಿಇ ಎಂಬ ರಾಸಾಯನಿಕ ಬೆರೆಸಿದ ಪೆಟ್ರೋಲ್ ಇದ್ದಿದ್ದರೆ ಅದು ನೀರಿನ ಜೊತೆ ಬಿಟೆಕ್ಸ್‌ಗಿಂತ ಬಹಳ ದೂರ ಹೋಗಿರುತ್ತದೆ. ದೊಡ್ಡ ಡಿಪೋಗಳಲ್ಲಿ ಬಹುತೇಕರು ಮರೆಯುವುದು ಬೆಂಕಿ ನಂದಿಸುವ ನೊರೆಯನ್ನು. ತಾಲೀಮಿಗಾಗಿ ಚೆಲ್ಲಿದ ಹಳೆಯ ನೊರೆಯಲ್ಲಿ ಪಿಎಫ್‌ಎಎಸ್ ಗುಂಪಿನ, ಸುಲಭಕ್ಕೆ ಕೊಳೆಯದ ಫ್ಲೋರಿನ್ ರಾಸಾಯನಿಕಗಳಿರುತ್ತಿದ್ದವು. ಎಣ್ಣೆಯನ್ನು ತಿನ್ನುವ ಬ್ಯಾಕ್ಟೀರಿಯಾ ಅವನ್ನು ಮುಗಿಸುವುದಿಲ್ಲ, ಮಾಮೂಲಿ ಇಂಧನ ಪರೀಕ್ಷೆಯಲ್ಲಿ ಅವು ಕಾಣುವುದೂ ಇಲ್ಲ. ಪಟ್ಟಿಯಲ್ಲಿ ಬರೆದು ಬೇರೆಯಾಗಿಯೇ ಪರೀಕ್ಷಿಸಬೇಕು.

ಟ್ಯಾಂಕ್ ತೆಗೆಯುವುದು

ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ. 1.4ರಿಂದ 7.6ರ ನಡುವೆ ಇದ್ದರೆ ಒಂದು ಕಿಡಿ ಸಾಕು, ಮತ್ತು ತಳದ ಗಸಿ ಎಷ್ಟೇ ಕಡಿಮೆಯಿದ್ದರೂ ಅಷ್ಟು ಆವಿ ಹುಟ್ಟಿಸುತ್ತದೆ.

1. ಉಳಿದ ಇಂಧನ, ಗಸಿ, ನೀರನ್ನು ಹೊರಗಿನಿಂದಲೇ ಹೀರಿ ತೆಗೆಯಿರಿ. ಪೈಪುಗಳನ್ನು ಟ್ಯಾಂಕಿನ ಕಡೆಗೆ ಬಸಿದು, ಕಳಚಿ, ಬಾಯಿ ಮುಚ್ಚಿ.
2. ಒಳಗಿನ ಆಮ್ಲಜನಕ ಓಡಿಸಲು ಒಣ ಮಂಜುಗಡ್ಡೆ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಪುಡಿಮಾಡಿ ಹಾಕಿ: ಪ್ರತಿ 1,000 ಲೀಟರ್ ಸಾಮರ್ಥ್ಯಕ್ಕೆ ಸುಮಾರು 1.8 ಕೆ.ಜಿ. ಹೊರಬರುವ ಆವಿಗೆ ನೆಲದಿಂದ ಮೂರೂವರೆ ಮೀಟರಿಗಿಂತ ಎತ್ತರದ ಕೊಳವೆ ಕೊಡಿ, ಏಕೆಂದರೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಗುಂಡಿಯಲ್ಲಿ, ಚರಂಡಿಯಲ್ಲಿ ಬಂದು ಕೂರುತ್ತದೆ.
3. ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಕಡೆ ಆಮ್ಲಜನಕ ಅಳೆಯಿರಿ. ಮೂರೂ ಕಡೆ ಶೇ. 8ಕ್ಕಿಂತ ಕೆಳಗಿದ್ದರೆ ಮಾತ್ರ ಮುಂದಿನ ಹೆಜ್ಜೆ.
4. ಎತ್ತಿದ ಮೇಲೆ ತೂತುಗಳಿಗೆ ಬಿರಟೆ ಹಾಕಿ, ಒತ್ತಡ ಕಟ್ಟದಂತೆ ಒಂದು ಸಣ್ಣ ರಂಧ್ರ ಬಿಟ್ಟು, ಅದೇ ದಿನ ಸಾಗಿಸಿ.

ಮೂರನೆಯ ಹೆಜ್ಜೆಯಲ್ಲಿ ಜನ ಎಡವುವುದು ಮೀಟರಿನಿಂದ. ಸ್ಫೋಟಕ ಆವಿ ಅಳೆಯುವ ಸಾಮಾನ್ಯ ಮೀಟರಿನೊಳಗಿನ ಮಣಿ ಆವಿಯನ್ನು ಸುಟ್ಟು ಅಳೆಯುತ್ತದೆ; ಸುಡಲು ಆಮ್ಲಜನಕ ಬೇಕು. ಮಂಜುಗಡ್ಡೆ ಹಾಕಿದ ಟ್ಯಾಂಕಿನಲ್ಲಿ ಅದು ಸೊನ್ನೆಯ ಹತ್ತಿರ ತೋರಿಸಿದರೆ ಆವಿ ಇಲ್ಲವೆಂದಲ್ಲ, ಮೀಟರ್ ಕುರುಡಾಗಿದೆ ಎಂದರ್ಥ. ಅಂಥ ಟ್ಯಾಂಕಿಗೆ ಗಾಳಿ ನುಗ್ಗಿದರೆ ಅಪಾಯ ವಾಪಸ್ ಬರುತ್ತದೆ. ಆಮ್ಲಜನಕವಿಲ್ಲದ ಟ್ಯಾಂಕಿಗೆ ತಲೆ ತೂರಿಸುವುದೂ ಸಾವೇ.

ಮಣ್ಣಿನ ಮಾದರಿ

ಟ್ಯಾಂಕಿನ ಎರಡೂ ತುದಿಗಳ ಕೆಳಗೆ, ಪೈಪಿನ ಉದ್ದಕ್ಕೆ ಸುಮಾರು ಆರು ಮೀಟರಿಗೊಂದು, ಪ್ರತಿ ಪಂಪಿನ ಬುಡದಲ್ಲಿ ಒಂದು, ಹೀಗೆ ಕಲಕದ ಮಣ್ಣಿನಿಂದ ತೆಗೆಯಿರಿ. ಟ್ಯಾಂಕಿನ ಸುತ್ತ ತುಂಬಿದ್ದ ಜಲ್ಲಿಯ ಮಾದರಿ ಏನನ್ನೂ ಹೇಳುವುದಿಲ್ಲ.

ಸ್ಥಳದಲ್ಲೇ ಮಣ್ಣನ್ನು ಹೋಲಿಸಲು, ಇಂಧನದ ಆವಿಯನ್ನು ಬೆಳಕಿನಿಂದ ಗುರುತಿಸಿ ಅಳೆಯುವ ಪಿಐಡಿ ಮೀಟರ್ ಸಾಕು. ಗಾಜಿನ ಜಾಡಿಯ ಅರ್ಧದಷ್ಟು ಮಣ್ಣು ಹಾಕಿ, ಬಾಯಿಗೆ ಅಲ್ಯೂಮಿನಿಯಂ ಹಾಳೆ ಬಿಗಿದು, ಅಲ್ಲಾಡಿಸಿ, ಹತ್ತು ನಿಮಿಷ ಬಿಟ್ಟು, ಹಾಳೆ ಚುಚ್ಚಿ ಗರಿಷ್ಠ ಅಂಕಿ ಬರೆದುಕೊಳ್ಳಿ. ಎಲ್ಲ ಜಾಡಿಗೂ ಒಂದೇ ಪ್ರಮಾಣ, ಒಂದೇ ಕಾಲ, ಆದಷ್ಟು ಒಂದೇ ಉಷ್ಣತೆ ಇರಲಿ. ಯಾವ ಮಣ್ಣು ಹೆಚ್ಚು ಕೆಟ್ಟಿದೆ ಎಂಬ ಕ್ರಮವನ್ನಷ್ಟೇ ಈ ಅಂಕಿ ಕೊಡುತ್ತದೆ. ಪ್ರಯೋಗಾಲಯದ ಫಲಿತಾಂಶದ ಜಾಗದಲ್ಲಿ ಇದನ್ನು ಬರೆಯಬೇಡಿ. ಡೀಸೆಲ್ ಆವಿಯಾಗುವುದೇ ಕಡಿಮೆ, ಹಾಗಾಗಿ ಡೀಸೆಲ್ ಮಣ್ಣಿನಲ್ಲಿ ಪಿಐಡಿ ಸುಮ್ಮನಿದ್ದರೂ ಮಣ್ಣು ಕೆಟ್ಟಿರಬಹುದು.

ಪ್ರಯೋಗಾಲಯಕ್ಕೆ ಕಳಿಸುವ ಮಣ್ಣನ್ನು ಚೀಲದಲ್ಲಿ ಕಟ್ಟಿ ಒಯ್ದರೆ ಬೆಂಜೀನ್ ದಾರಿಯಲ್ಲೇ ಹಾರಿಹೋಗುತ್ತದೆ. ಸಣ್ಣ ಸಿರಿಂಜಿನಂಥ ಕೊಳವೆಯಿಂದ 5 ಗ್ರಾಂ ಮಣ್ಣನ್ನು ನೇರ 5 ಮಿ.ಲೀ. ಮೆಥನಾಲ್ ಇರುವ ಸೀಸೆಗೆ ಹಾಕಿ, 4 ಡಿಗ್ರಿಯಲ್ಲಿಟ್ಟು, 14 ದಿನದೊಳಗೆ ಪರೀಕ್ಷೆ ಮುಗಿಸಿ. ಬೆಂಜೀನ್ ನೋಡುವ ಮಣ್ಣನ್ನು ನಾಲ್ಕೈದು ಕಡೆಯಿಂದ ತಂದು ಕಲಸಿ 'ಸರಾಸರಿ' ಮಾಡುವವರಿದ್ದಾರೆ. ಕಲಸಿದ ಕೈಯಲ್ಲೇ ಅರ್ಧ ಬೆಂಜೀನ್ ಹೋಗಿರುತ್ತದೆ.

ನಿಗಾ ಬಾವಿಗಳು

ನೀರು ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ತಿಳಿಯಲು ಕನಿಷ್ಠ ಮೂರು ಬಾವಿ, ಅವೂ ಒಂದೇ ಸಾಲಿನಲ್ಲಿರದೆ ತ್ರಿಕೋನವಾಗಿರಬೇಕು. ದಿಕ್ಕು ತಿಳಿದ ಮೇಲೆ ಉಳಿದವು: ಹರಿವಿನ ಮೇಲ್ಭಾಗದಲ್ಲಿ ಒಂದು, ಮೂಲದಲ್ಲಿ ಒಂದೆರಡು, ಕೆಳಭಾಗದಲ್ಲಿ ಕರಗಿದ ಎಣ್ಣೆಯ ಉದ್ದಕ್ಕೂ ಕೆಲವು, ಕೊನೆಯಲ್ಲಿ ಏನೂ ಸಿಗಬಾರದ ಕಾವಲು ಬಾವಿ ಒಂದು.

ಮಾಮೂಲಿ ರಚನೆ ಹೀಗಿರುತ್ತದೆ: 50 ಮಿ.ಮೀ. ಪಿವಿಸಿ ಕೇಸಿಂಗ್, 0.25 ಮಿ.ಮೀ. ಸೀಳುಗಳಿರುವ ಸುಮಾರು 3 ಮೀಟರ್ ಸ್ಕ್ರೀನ್, ಸುತ್ತ ಜರಡಿ ಹಿಡಿದ ಮರಳು ಸ್ಕ್ರೀನಿನ ತಲೆಯಿಂದ 60 ಸೆಂ.ಮೀ. ಮೇಲಿನವರೆಗೆ, ಅದರ ಮೇಲೆ 60 ಸೆಂ.ಮೀ. ಬೆಂಟೊನೈಟ್ (ನೀರು ಕುಡಿದು ಉಬ್ಬುವ ಜೇಡಿ), ನಂತರ ಸಿಮೆಂಟ್ ಗ್ರೌಟ್ (ತೆಳು ಗಾರೆ), ಬೀಗದ ಮುಚ್ಚಳ. ಪೈಪುಗಳನ್ನು ತಿರುಪಿನಿಂದ ಜೋಡಿಸಿ, ಅಂಟು ಬಳಸಬೇಡಿ. ಪಿವಿಸಿ ಅಂಟಿನ ದ್ರಾವಕ ತಿಂಗಳುಗಟ್ಟಲೆ ನೀರಿನ ಪರೀಕ್ಷೆಯಲ್ಲಿ ತಲೆಹಾಕುತ್ತದೆ.

ಸ್ಕ್ರೀನ್ ಎಲ್ಲಿರಬೇಕು ಎಂಬಲ್ಲೇ ಹೆಚ್ಚಿನ ಬಾವಿಗಳು ಕೆಡುವುದು. ಕೊಳವೆಬಾವಿ ಕೊರೆದು ರೂಢಿಯಿರುವವರು ಸ್ಕ್ರೀನನ್ನು ಪೂರ್ತಿ ನೀರಿನೊಳಗೆ ಇಳಿಸುತ್ತಾರೆ. ನೀರು ಎತ್ತಲು ಅದೇ ಸರಿ. ಆದರೆ ತೇಲುವ ಎಣ್ಣೆ ಒಳಬರಬೇಕಾದ್ದು ನೀರಿನ ಮೇಲ್ಮೈಯಲ್ಲಿ. ಅಲ್ಲಿ ಕುರುಡು ಪೈಪಿದ್ದರೆ ಹೊರಗೆ ಅರ್ಧ ಮೀಟರ್ ಎಣ್ಣೆ ನಿಂತಿದ್ದರೂ ಬಾವಿ ತಿಳಿನೀರನ್ನೇ ತೋರಿಸುತ್ತದೆ. ಸ್ಕ್ರೀನ್ ಬೇಸಿಗೆಯ ಅತಿ ಕೆಳ ಮಟ್ಟದಿಂದ ಮಳೆಗಾಲದ ಅತಿ ಮೇಲಿನ ಮಟ್ಟದವರೆಗೆ ವ್ಯಾಪಿಸಿರಬೇಕು. ಏರಿಳಿತ 3 ಮೀಟರ್ ಮೀರಿದರೆ ಸ್ಕ್ರೀನ್ ಉದ್ದ ಮಾಡಿ, ಇಲ್ಲವೇ ಎರಡು ಆಳದಲ್ಲಿ ಎರಡು ಬಾವಿ ಹಾಕಿ.

ಕೊರೆದ ಮೇಲೆ ನೀರು ತಿಳಿಯಾಗುವವರೆಗೆ ಮೇಲೆ ಕೆಳಗೆ ಎಳೆದು ತೊಳೆಯಿರಿ. ಕೆಲವು ದಿನ ಬಿಟ್ಟು ಮೊದಲ ಮಾದರಿ ತೆಗೆಯಿರಿ. ಪ್ರತಿ ಕೇಸಿಂಗಿನ ಬಾಯಿಯಲ್ಲಿ ಒಂದು ಗುರುತು ಕೊರೆದು ಅದರ ಎತ್ತರವನ್ನು ಮಿಲಿಮೀಟರ್ ಮಟ್ಟದಲ್ಲಿ ಸರ್ವೆ ಮಾಡಿಸಿ. ಅಂತರ್ಜಲದ ಇಳಿಜಾರು ಹತ್ತು ಮೀಟರಿಗೆ ಕೆಲವು ಸೆಂಟಿಮೀಟರ್ ಇರುವ ಕಡೆ ಒಂದು ಬಾವಿಯ ಎತ್ತರ ಎರಡು ಸೆಂ.ಮೀ. ತಪ್ಪಿದರೂ ಹರಿವಿನ ಬಾಣ ಬೇರೆ ದಿಕ್ಕಿಗೆ ತಿರುಗುತ್ತದೆ.

ಮಟ್ಟ ಅಳೆಯುವುದು, ಎಣ್ಣೆಯ ತೂಕ ಕಳೆಯುವುದು

ಎಲ್ಲ ಬಾವಿಗಳನ್ನೂ ಒಂದೇ ದಿನ ಅಳೆಯಿರಿ. ತೇಲುವ ಎಣ್ಣೆ ಇರುವಲ್ಲಿ ಎಣ್ಣೆಗೂ ನೀರಿಗೂ ಬೇರೆ ಬೇರೆ ಸದ್ದು ಕೊಡುವ ಇಂಟರ್‌ಫೇಸ್ ಪ್ರೋಬ್ ಬೇಕು. ಎಣ್ಣೆ ತನ್ನ ತೂಕದಿಂದ ಬಾವಿಯ ನೀರನ್ನು ಕೆಳಗೆ ಒತ್ತಿರುವುದರಿಂದ ನೀರಿನ ಮಟ್ಟವನ್ನು ತಿದ್ದಿಕೊಳ್ಳಬೇಕು.

ಒಂದು ಬಾವಿಯ ಲೆಕ್ಕ: ಕೇಸಿಂಗ್ ಬಾಯಿಯ ಎತ್ತರ 100.00 ಮೀ. ಎಣ್ಣೆ ಸಿಕ್ಕಿದ್ದು 4.20 ಮೀ. ಆಳದಲ್ಲಿ, ನೀರು 4.65ರಲ್ಲಿ. ಎಣ್ಣೆಯ ದಪ್ಪ 0.45 ಮೀ., ಪೆಟ್ರೋಲಿನ ಸಾಂದ್ರತೆ 0.75. ದಪ್ಪವನ್ನು ಸಾಂದ್ರತೆಯಿಂದ ಗುಣಿಸಿದರೆ 0.34 ಮೀ. ನಿಜವಾದ ನೀರಿನ ಆಳ 4.65ರಲ್ಲಿ 0.34 ಕಳೆದು 4.31 ಮೀ., ಎತ್ತರ 95.69 ಮೀ. ತಿದ್ದದೆ 95.35 ಎಂದು ಬರೆದರೆ ನಕ್ಷೆಯಲ್ಲಿ ಆ ಬಾವಿಯ ಸುತ್ತ 34 ಸೆಂ.ಮೀ. ಸುಳ್ಳು ಹಳ್ಳ ಮೂಡಿ, ಎಲ್ಲ ಕಡೆಯಿಂದಲೂ ನೀರು ಅಲ್ಲಿಗೇ ಹರಿಯುವಂತೆ ಕಾಣುತ್ತದೆ. ಕೊಳೆ ಹೊರಗೆ ಹೋಗುತ್ತಿಲ್ಲ ಎಂಬ ಸಂತೋಷದ ವರದಿಗಳು ಕೆಲವೊಮ್ಮೆ ಹುಟ್ಟುವುದು ಹೀಗೆ.

ಬಾವಿಯಲ್ಲಿ 45 ಸೆಂ.ಮೀ. ಇದ್ದರೆ ಮಣ್ಣಿನಲ್ಲೂ ಅಷ್ಟೇ ದಪ್ಪದ ಎಣ್ಣೆಕೆರೆ ಇದೆ ಎಂದುಕೊಳ್ಳಬೇಡಿ. ಮಣ್ಣಿನಲ್ಲಿ ಎಣ್ಣೆ ನೀರು, ಗಾಳಿಯ ಜೊತೆ ರಂಧ್ರ ಹಂಚಿಕೊಂಡಿರುತ್ತದೆ; ಜೇಡಿ ಹೆಚ್ಚಿದ್ದಷ್ಟೂ ಬಾವಿಯ ಅಂಕಿ ಹೆಚ್ಚು ದಾರಿ ತಪ್ಪಿಸುತ್ತದೆ. ಅದೇ ರೀತಿ ಮಳೆಗಾಲದಲ್ಲಿ ಎಣ್ಣೆ ಮಾಯವಾದರೆ ಹಿಗ್ಗಬೇಡಿ. ನೀರಿನಡಿ ಸಿಕ್ಕಿಕೊಂಡ ಎಣ್ಣೆ ಬೇಸಿಗೆಯಲ್ಲಿ ನೀರು ಇಳಿದಾಗ ಬಾವಿಗೆ ಮರಳುತ್ತದೆ.

ಹರಿವಿನ ವೇಗಕ್ಕೆ ಮಣ್ಣಿನ ನೀರು ಬಿಡುವ ಗುಣವನ್ನು ಇಳಿಜಾರಿನಿಂದ ಗುಣಿಸಿ, ರಂಧ್ರಾಂಶದಿಂದ ಭಾಗಿಸಿ. ನೀರು ಬಿಡುವ ಗುಣ ದಿನಕ್ಕೆ 5 ಮೀ., ಇಳಿಜಾರು 0.004, ರಂಧ್ರಾಂಶ 0.25 ಎಂದರೆ ದಿನಕ್ಕೆ 8 ಸೆಂ.ಮೀ., ವರ್ಷಕ್ಕೆ ಸುಮಾರು 29 ಮೀಟರ್. ಬೆಂಜೀನ್ ಮಣ್ಣಿಗೆ ಅಂಟುತ್ತಾ ಹೋಗುವುದರಿಂದ ಇದಕ್ಕಿಂತ ನಿಧಾನ. ಎಂಟಿಬಿಇ ಹೆಚ್ಚುಕಡಿಮೆ ನೀರಿನಷ್ಟೇ ವೇಗ.

ನೀರಿನ ಮಾದರಿ

ಶುದ್ಧ ಬಾವಿಯಿಂದ ಶುರುಮಾಡಿ ಕೆಟ್ಟ ಬಾವಿಗೆ ಹೋಗಿ. ಪಂಪಿನ ವೇಗ ನಿಮಿಷಕ್ಕೆ 100ರಿಂದ 500 ಮಿ.ಲೀ., ಬಾವಿಯ ಮಟ್ಟ 10 ಸೆಂ.ಮೀ.ಗಿಂತ ಹೆಚ್ಚು ಕುಸಿಯಬಾರದು. ಮೂರರಿಂದ ಐದು ನಿಮಿಷಕ್ಕೊಮ್ಮೆ ಓದುತ್ತಾ, ಸತತ ಮೂರು ಸಲ ಪಿಎಚ್ 0.1ರೊಳಗೆ, ವಿದ್ಯುತ್ ವಾಹಕತೆ ಶೇ. 3ರೊಳಗೆ, ಕರಗಿದ ಆಮ್ಲಜನಕ ಶೇ. 10ರೊಳಗೆ ನಿಂತಾಗ ಸೀಸೆ ತುಂಬಿಸಿ. 40 ಮಿ.ಲೀ. ಸೀಸೆ, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 2ಕ್ಕಿಂತ ಕೆಳಗೆ, ಒಳಗೆ ಒಂದು ಗುಳ್ಳೆಯೂ ಇರಬಾರದು: ಸೀಸೆಯನ್ನು ಬೋರಲು ಹಾಕಿ ಬೆರಳಿಂದ ತಟ್ಟಿ ನೋಡಿ. ಆಮ್ಲ ಇರುವ ಸೀಸೆಯನ್ನು ಬಾವಿ ನೀರಿನಲ್ಲಿ ತೊಳೆಯುವ ಅಭ್ಯಾಸ ಬಿಡಿ, ಆಮ್ಲ ಚೆಲ್ಲಿಹೋಗುತ್ತದೆ. ಹತ್ತು ಮಾದರಿಗೊಂದು ಜೋಡಿ ಮಾದರಿ, ಪ್ರತಿ ಪೆಟ್ಟಿಗೆಗೊಂದು ಶುದ್ಧ ನೀರಿನ ಸೀಸೆ ಹೋಗಿ ಬರಲಿ. ಪೆಟ್ರೋಲ್ ಜನರೇಟರನ್ನು ಗಾಳಿ ಬರುವ ಕಡೆ ಇಟ್ಟು ಸೀಸೆ ತೆರೆದರೆ ಶುದ್ಧ ಬಾವಿಯಲ್ಲೂ ಬೆಂಜೀನ್ ಹುಟ್ಟುತ್ತದೆ.

ಎಣ್ಣೆ ತೇಲುತ್ತಿರುವ ಬಾವಿಯಿಂದ ಕರಗಿದ ಎಣ್ಣೆಗಾಗಿ ಮಾದರಿ ತೆಗೆಯಬೇಡಿ. ಒಂದು ಹನಿ ಎಣ್ಣೆ ಸೇರಿದರೂ ಅಂಕಿಗೆ ಅರ್ಥವಿಲ್ಲ.

ಯಾವ ರೂಪಕ್ಕೆ ಯಾವ ಕೆಲಸ

*ತೇಲುವ ಎಣ್ಣೆ.* ಮೊದಲು ಇದನ್ನು ತೆಗೆಯಿರಿ. ಕಡಿಮೆಯಿದ್ದರೆ ಎಣ್ಣೆ ಮಾತ್ರ ಹೀರುವ ಬತ್ತಿ ಅಥವಾ ಬೇಲರ್ (ಮೊಗೆಯುವ ಕೊಳವೆ), ಹೆಚ್ಚಿದ್ದರೆ ಮೇಲ್ಮೈ ಎಣ್ಣೆ ಎತ್ತುವ ಸ್ಕಿಮ್ಮರ್ ಪಂಪ್. ಬೇಗ ಮುಗಿಸುವ ಆಸೆಗೆ ನೀರನ್ನೂ ಜೋರಾಗಿ ಎತ್ತಿದರೆ ಬಾವಿಯ ಸುತ್ತ ಮಟ್ಟ ಕುಸಿದು, ಎಣ್ಣೆ ಅದುವರೆಗೆ ಮುಟ್ಟದ ಆಳಕ್ಕೆ ಇಳಿದು ಹೊಸ ಮೆತ್ತಿದ ಪದರ ಕಟ್ಟುತ್ತದೆ. ಎಷ್ಟೇ ಪಂಪ್ ಮಾಡಿದರೂ ಒಂದು ಪಾಲು ಮಣ್ಣಿಗೆ ಅಂಟಿಯೇ ಉಳಿಯುತ್ತದೆ. ವಾರಕ್ಕೆ ಸಿಗುವ ಲೀಟರ್ ಬರೆದಿಟ್ಟು, ಗೆರೆ ನೆಲಕ್ಕೆ ತಾಗುತ್ತಾ ಬಂದಾಗ ಮುಂದಿನ ವಿಧಾನಕ್ಕೆ ಹೋಗಿ.

*ಅಗೆದು ತೆಗೆಯುವುದು.* ಮೂಲ ಸಣ್ಣದು, ಆಳ ಕಡಿಮೆ ಎಂದಾದರೆ ಇದಕ್ಕಿಂತ ಖಚಿತವಾದದ್ದಿಲ್ಲ. ಬೇಸಿಗೆಯ ಕೊನೆಯಲ್ಲಿ, ನೀರು ಅತಿ ಕೆಳಗಿದ್ದಾಗ ಅಗೆಯಿರಿ, ಮೆತ್ತಿದ ಪದರ ಆಗ ಮಾತ್ರ ಕೈಗೆ ಸಿಗುತ್ತದೆ. ಅಗೆದ ಮಣ್ಣು ಶೇ. 20ರಿಂದ 30 ಉಬ್ಬುತ್ತದೆ, ಲಾರಿ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

*ಮಣ್ಣಿನ ರಾಶಿಯಲ್ಲಿ ಬ್ಯಾಕ್ಟೀರಿಯಾದಿಂದ ಶುದ್ಧಿ.* ಅಗೆದ ಡೀಸೆಲ್ ಮಣ್ಣಿಗೆ ಒಳ್ಳೆಯ ದಾರಿ. ಸೋರದ ಹಾಳೆಯ ಮೇಲೆ ಒಂದರಿಂದ ಮೂರು ಮೀಟರ್ ಎತ್ತರದ ರಾಶಿ, ಒಳಗೆ ತೂತಿನ ಪೈಪು, ಸಣ್ಣ ಬ್ಲೋವರ್, ಮೇಲೆ ಹೊದಿಕೆ. ಬ್ಯಾಕ್ಟೀರಿಯಾ ತರಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ, ಮಣ್ಣಿನಲ್ಲೇ ಇರುತ್ತವೆ. ಕೊರತೆಯಾಗುವುದು ಗಾಳಿ, ಸಾರಜನಕ, ರಂಜಕ, ತೇವ.

ಗೊಬ್ಬರದ ಲೆಕ್ಕ ಹೀಗೆ. 100 ಘನ ಮೀಟರ್ ಮಣ್ಣು ಸುಮಾರು 170 ಟನ್. ಕಿಲೋಗೆ 5,000 ಮಿ.ಗ್ರಾಂ ಎಣ್ಣೆ ಇದ್ದರೆ ಒಟ್ಟು 850 ಕೆ.ಜಿ. ಎಣ್ಣೆ, ಅದರಲ್ಲಿ ಇಂಗಾಲ ಸುಮಾರು 720 ಕೆ.ಜಿ. ಇಂಗಾಲ, ಸಾರಜನಕ, ರಂಜಕ 100:5:1ರಂತೆ ಸಾರಜನಕ 36, ರಂಜಕ 7.2 ಕೆ.ಜಿ. ಬೇಕು. ರಂಜಕಕ್ಕೆ 36 ಕೆ.ಜಿ. ಡಿಎಪಿ, ಅದರಲ್ಲೇ ಆರೂವರೆ ಕಿಲೋ ಸಾರಜನಕ ಬರುತ್ತದೆ. ಉಳಿದದ್ದಕ್ಕೆ 64 ಕೆ.ಜಿ. ಯೂರಿಯಾ. ಒಂದೇ ಸಲ ಸುರಿಯಬೇಡಿ. ಯೂರಿಯಾ ಅಮೋನಿಯಾ ಆಗಿ ಪಿಎಚ್ ಏರಿಸಿ, ಕೆಲಸ ಮಾಡಬೇಕಾದ ಬ್ಯಾಕ್ಟೀರಿಯಾಗಳನ್ನೇ ಹಿಮ್ಮೆಟ್ಟಿಸುತ್ತದೆ. ಮೂರು ನಾಲ್ಕು ಕಂತು ಮಾಡಿ, ಪಿಎಚ್ 6ರಿಂದ 8ರೊಳಗೆ ಇಡಿ. ತೇವದ ಹದ ಕೈಗೆ ಗೊತ್ತಾಗುತ್ತದೆ: ಹಿಡಿ ಮಣ್ಣು ಅದುಮಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಒಸರಬಾರದು. ನೀರು ಹೆಚ್ಚಾದರೆ ರಂಧ್ರ ತುಂಬಿ ಗಾಳಿ ನಿಲ್ಲುತ್ತದೆ, ರಾಶಿ ಹುಳಿವಾಸನೆ ಹೊಡೆಯುತ್ತದೆ. ಅಂಟು ಜೇಡಿಯಾದರೆ ಮರದ ಚಕ್ಕೆ ಅಥವಾ ಹೊಟ್ಟು ಬೆರೆಸಿ.

*ಆವಿ ಹೀರುವುದು.* ನೀರಿನ ಮೇಲಿನ ಮರಳು ಮಣ್ಣಿನಲ್ಲಿರುವ ಪೆಟ್ರೋಲಿಗೆ. ಬಾವಿಗೆ ನಿರ್ವಾತ ಕೊಟ್ಟು ಆವಿ ಎಳೆದು, ನೀರು ಬೇರ್ಪಡಿಸುವ ಡ್ರಮ್ಮು ದಾಟಿಸಿ, ಸಕ್ರಿಯ ಇದ್ದಿಲಿಗೋ ಸುಡುವ ಘಟಕಕ್ಕೋ ಕಳಿಸುತ್ತಾರೆ. ಇಲ್ಲೂ ನೀರಿನ ಮಟ್ಟವೇ ಕಾಡುತ್ತದೆ: ಪ್ರತಿ 1 ಕಿಲೋಪಾಸ್ಕಲ್ ನಿರ್ವಾತಕ್ಕೆ ಬಾವಿಯ ನೀರು ಸುಮಾರು 10 ಸೆಂ.ಮೀ. ಏರುತ್ತದೆ. ಹತ್ತು ಕೊಟ್ಟರೆ ಒಂದು ಮೀಟರ್ ಏರಿ ಸ್ಕ್ರೀನೇ ಮುಳುಗಬಹುದು. ಬ್ಲೋವರ್ ಭೋರ್ಗರೆಯುತ್ತದೆ, ಆವಿ ಬರುವುದಿಲ್ಲ. ಸುಡುವ ಘಟಕವಿದ್ದರೆ ಶುರುವಿನ ದಿನಗಳಲ್ಲಿ ಆವಿಗೆ ಹೊರಗಿನ ಗಾಳಿ ಬೆರೆಸಿ ಸ್ಫೋಟದ ಕೆಳಮಿತಿಯ ಕಾಲುಭಾಗಕ್ಕಿಂತ ಕೆಳಗಿಡಿ. ಡೀಸೆಲಿಗೆ ಇದು ದಂಡ. ಡೀಸೆಲಿಗೆ ನಿಧಾನವಾಗಿ ಗಾಳಿ ಊಡಿಸಿ ಬ್ಯಾಕ್ಟೀರಿಯಾಕ್ಕೆ ಬಿಡಿ. ಬ್ಲೋವರ್ ನಿಲ್ಲಿಸಿದ ಮೇಲೆ ಮಣ್ಣಿನ ಆಮ್ಲಜನಕ ಗಂಟೆಗಳಲ್ಲಿ ಇಳಿಯುತ್ತಿದ್ದರೆ ಅವು ತಿನ್ನುತ್ತಿವೆ ಎಂದು ತಿಳಿಯಿರಿ.

*ನೀರಿನಡಿ ಗಾಳಿ ಊದುವುದು.* ಪ್ರತಿ ಮೀಟರ್ ನೀರಿಗೆ 10 ಕಿಲೋಪಾಸ್ಕಲ್, ಜೊತೆಗೆ ಮಣ್ಣು ಭೇದಿಸಲು ಸ್ವಲ್ಪ ಹೆಚ್ಚು ಒತ್ತಡ ಬೇಕು. ಅವಸರದಲ್ಲಿ ಒತ್ತಡ ಏರಿಸಿದರೆ ಮಣ್ಣು ಸೀಳಿ, ಗಾಳಿ ಆ ಬಿರುಕಿನಲ್ಲೇ ಹೋಗುತ್ತದೆ. ತೇಲುವ ಎಣ್ಣೆ ಇರುವಲ್ಲಿ, ಅಥವಾ ಆವಿ ಹೀರುವ ವ್ಯವಸ್ಥೆ ಇಲ್ಲದೆ ಪಕ್ಕದಲ್ಲಿ ನೆಲಮಾಳಿಗೆ ಇರುವಲ್ಲಿ ಊದಬೇಡಿ.

ಪಂಪ್ ಮಾಡಿದ ನೀರನ್ನು ಇದ್ದಿಲಿನಿಂದ ಸೋಸುವಾಗ ಎರಡು ಪಾತ್ರೆ ಸಾಲಾಗಿ ಇಟ್ಟು, ನಡುವಿನಿಂದ ಮಾದರಿ ತೆಗೆಯಿರಿ. ನಡುವೆ ಬೆಂಜೀನ್ ಕಂಡ ದಿನ ಮೊದಲ ಪಾತ್ರೆಯ ಇದ್ದಿಲು ಬದಲಿಸಿ, ಎರಡನೆಯದನ್ನು ಮುಂದಕ್ಕೆ ತನ್ನಿ. ಎಂಟಿಬಿಇ ಇದ್ದಿಲಿಗೆ ಅಷ್ಟಾಗಿ ಅಂಟುವುದಿಲ್ಲ, ಅದಿದ್ದರೆ ಬಹಳ ಬೇಗ ದಾಟಿಬರುತ್ತದೆ.

ನಿಗಾ: ತಾನಾಗಿ ಕರಗುತ್ತಿದೆಯೇ?

ಮೂಲ ತೆಗೆದ ಮೇಲೆ ಉಳಿದ ಕರಗಿದ ಎಣ್ಣೆಯನ್ನು ಬ್ಯಾಕ್ಟೀರಿಯಾಗಳೇ ಮುಗಿಸುತ್ತಿರಬಹುದು. ಆದರೆ ಸಾಕ್ಷಿ ಬೇಕು. ಒಂದು ಮಿ.ಗ್ರಾಂ ಬೆಂಜೀನ್ ತಿನ್ನಲು ಸುಮಾರು 3.1 ಮಿ.ಗ್ರಾಂ ಆಮ್ಲಜನಕ ಬೇಕು. ನೀರಿನಲ್ಲಿ ಲೀಟರಿಗೆ 8 ಮಿ.ಗ್ರಾಂ ಇದ್ದರೂ ಅದು ಎರಡೂವರೆ ಮಿ.ಗ್ರಾಂ ಬೆಂಜೀನಿಗಷ್ಟೇ ಸಾಕು. ಸಲ್ಫೇಟ್ 4.6 ಮಿ.ಗ್ರಾಂ ಬೇಕಾದರೂ ನೀರಿನಲ್ಲಿ ಅದು 100 ಮಿ.ಗ್ರಾಂ ಇದ್ದರೆ ಸುಮಾರು 22 ಮಿ.ಗ್ರಾಂ ಬೆಂಜೀನ್ ಮುಗಿಸಬಲ್ಲದು. ಹಾಗಾಗಿ ಬೆಂಜೀನ್ ಜೊತೆಗೆ ಆಮ್ಲಜನಕ, ನೈಟ್ರೇಟ್, ಸಲ್ಫೇಟ್, ಕರಗಿದ ಕಬ್ಬಿಣ, ಮೀಥೇನ್ ಅಳೆಯಿರಿ. ಹೊರಗಿನ ಬಾವಿಗಿಂತ ಎಣ್ಣೆಯ ನಡುವಿನ ಬಾವಿಯಲ್ಲಿ ಮೊದಲ ಮೂರು ಕುಸಿದು, ಕೊನೆಯ ಎರಡು ಏರಿದ್ದರೆ ತಿನ್ನುವ ಕೆಲಸ ನಡೆದಿದೆ. ಬೆಂಜೀನ್ ಮಾತ್ರ ಇಳಿದು ಇವೆಲ್ಲ ಹೊರಗಿನ ಬಾವಿಯಷ್ಟೇ ಇದ್ದರೆ, ನೀರು ಹೆಚ್ಚಾಗಿ ತೆಳುವಾಗಿರಬಹುದು.

ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಅಳೆಯಿರಿ. ಎಲ್ಲ ಕಾಲಗಳೂ ಎರಡೆರಡು ಸಲ ಸಿಗುತ್ತವೆ. ಆಮೇಲೆ ಆರು ತಿಂಗಳಿಗೊಮ್ಮೆ, ಅದೂ ಅತಿ ಕೆಳ ಮತ್ತು ಅತಿ ಮೇಲಿನ ಮಟ್ಟದ ತಿಂಗಳುಗಳಲ್ಲಿ. ಬೇಸಿಗೆಯನ್ನು ಬೇಸಿಗೆಗೆ, ಮಳೆಗಾಲವನ್ನು ಮಳೆಗಾಲಕ್ಕೆ ಹೋಲಿಸಿ. ಮೂಲದ ಬಾವಿಯಲ್ಲಿ ಬೆಂಜೀನ್ ನಾಲ್ಕು ವರ್ಷದಲ್ಲಿ ಲೀಟರಿಗೆ 4,000ದಿಂದ 1,000 ಮೈಕ್ರೋಗ್ರಾಂಗೆ ಇಳಿದರೆ ಎರಡು ಸಲ ಅರ್ಧವಾಯಿತು, ಅಂದರೆ ಅರ್ಧವಾಗಲು ಎರಡು ವರ್ಷ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳುವ 10 ಮೈಕ್ರೋಗ್ರಾಂ ಮುಟ್ಟಲು ಇನ್ನೂ 6.6 ಸಲ ಅರ್ಧವಾಗಬೇಕು, ಸುಮಾರು 13 ವರ್ಷ. ಅಷ್ಟು ಕಾಯಲಾಗದಿದ್ದರೆ ಈಗಲೇ ಮೂಲಕ್ಕೆ ಮತ್ತೆ ಕೈಹಾಕಿ; ಎಂಟನೆಯ ವರ್ಷ ಅಲ್ಲ. ಕಾವಲು ಬಾವಿಯಲ್ಲಿ ಸತತ ಎರಡು ಸಲ ಬೆಂಜೀನ್ ಸಿಕ್ಕರೆ ಏನು ಮಾಡಬೇಕೆಂದು ಮೊದಲ ದಿನವೇ ಬರೆದಿಟ್ಟಿರಬೇಕು.

ಯಂತ್ರ ನಿಲ್ಲಿಸುವುದು, ಬಾವಿ ಮುಚ್ಚುವುದು

ಯಂತ್ರ ಓಡುತ್ತಿರುವಾಗಿನ ಒಳ್ಳೆಯ ಅಂಕಿಯನ್ನು ನಂಬಬೇಡಿ. ಹರಿವಿನ ದಾರಿಯಲ್ಲಿದ್ದ ಎಣ್ಣೆ ಹೋಗಿರುತ್ತದೆ, ಜೇಡಿಯ ಸಂದಿಯಲ್ಲಿರುವುದು ಇನ್ನೂ ಇರುತ್ತದೆ. ಎಲ್ಲ ನಿಲ್ಲಿಸಿ ಕನಿಷ್ಠ ಒಂದು ಪೂರ್ತಿ ವರ್ಷ, ಒಂದು ಏರಿಕೆ, ಒಂದು ಇಳಿಕೆ ಕಾಯಿರಿ. ಅಂಕಿ ಪುಟಿದೆದ್ದರೆ ಯಂತ್ರವನ್ನು ಬಿಟ್ಟು ಬಿಟ್ಟು ಓಡಿಸಿ. ಸತತ ಓಡಿಸಿದ್ದಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಅಷ್ಟೇ ಎಣ್ಣೆ ಬರುವುದುಂಟು.

ನಿಮಗೆ ಅನ್ವಯವಾಗುವ ಮಿತಿಯೊಳಗೆ, ಕೆಳ ಮಟ್ಟದ ಕಾಲದಲ್ಲೂ ಅಂಕಿ ನಿಂತ ಮೇಲೆ, ಪ್ರಾಧಿಕಾರದ ಒಪ್ಪಿಗೆ ಪಡೆದು ಬಾವಿಗಳನ್ನು ಮುಚ್ಚಿ. ಮಣ್ಣು ತುಂಬಿಸಿ ಬಿಟ್ಟರೆ ಮೇಲಿನ ಕೊಳೆಗೆ ಅದೇ ನೇರ ಕೊಳವೆ. ಸಾಧ್ಯವಾದರೆ ಕೇಸಿಂಗ್ ಎಳೆದು, ತಳದವರೆಗೆ ಪೈಪು ಇಳಿಸಿ, ಸಿಮೆಂಟ್ ಮತ್ತು ಬೆಂಟೊನೈಟ್ ಗ್ರೌಟನ್ನು ಕೆಳಗಿನಿಂದ ಮೇಲಕ್ಕೆ ತುಂಬಿಸಿ. ಮರುದಿನ ಬಂದು ನೋಡಿದರೆ ಗ್ರೌಟ್ ಒಂದಷ್ಟು ಕುಗ್ಗಿರುತ್ತದೆ. ಆ ಗುಳಿಯನ್ನೂ ತುಂಬಿಸಿ, ಬಾವಿ ಇದ್ದ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಿ.